ಸಿಗಲಿಲ್ಲ ಎಂದರೆ ಇಲ್ಲವೆಂದೇ?

ಹಳೆಯ ಬೆಂಜ್ ಕಾರಿನ ಬಾಗಿಲುಗಳೆಲ್ಲ ಒಂದೇ ಕೀಲಿಗೆ ಒಟ್ಟಿಗೆ ಲಾಕ್ ಆಗುವುದು ಗಾಳಿಯ ಬಲದಿಂದ. 1994ರಲ್ಲಿ ಭಾರತಕ್ಕೆ ಕಾಲಿಟ್ಟ ಮರ್ಸಿಡಿಸ್-ಬೆಂಜ್ ಕಂಪನಿ ಮರುವರ್ಷ ಪುಣೆಯಲ್ಲಿ ಜೋಡಿಸಿ ರಸ್ತೆಗಿಳಿಸಿದ ಡಬ್ಲ್ಯು-124 ಮಾದರಿಯಲ್ಲಿ, ಹಿಂದಿನ ಸೀಟಿನ ಕೆಳಗೆ ಸ್ಪಂಜಿನ ಗೂಡಿನೊಳಗೆ ಒಂದು ಪುಟ್ಟ ವಿದ್ಯುತ್ ಪಂಪು ಅಡಗಿದೆ. ಅಲ್ಲಿಂದ ಹೊರಟ ಸಪೂರ ಕೊಳವೆ ಕವಲೊಡೆದು ಬಾಗಿಲುಗಳಿಗೆ, ಡಿಕ್ಕಿಗೆ, ಇಂಧನ ತುಂಬುವ ಮುಚ್ಚಳಕ್ಕೆ ಹೋಗುತ್ತದೆ. ಪಂಪು ಗಾಳಿಯನ್ನು ಹೀರಿದರೆ ಪ್ರತಿ ತುದಿಯಲ್ಲಿರುವ ಡಬ್ಬಿಯ ರಬ್ಬರ್ ಪೊರೆ ಒಂದು ಕಡೆಗೆ ಸರಿದು ಲಾಕ್ ಬೀಳುತ್ತದೆ. ಊದಿದರೆ ಇನ್ನೊಂದು ಕಡೆಗೆ ಸರಿದು ಬಿಚ್ಚಿಕೊಳ್ಳುತ್ತದೆ. ಎಲ್ಲ ನೆಟ್ಟಗಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ಪಂಪಿನ ಸದ್ದು ನಿಲ್ಲಬೇಕು. ಎಲ್ಲೋ ರಬ್ಬರ್ ಬಿರಿದಿದ್ದರೆ ಬೇಕಾದ ಒತ್ತಡ ಕೂಡಿಬರುವುದಿಲ್ಲ. ಪಂಪು ಅರ್ಧ ನಿಮಿಷದಷ್ಟು ಹೊತ್ತು ಗೊರಗುಟ್ಟಿ, ತನಗಿಟ್ಟ ಗಡುವು ಮುಗಿದ ಮೇಲೆ ಸುಮ್ಮನಾಗುತ್ತದೆ. ಜಯನಗರ, ಜೆ.ಪಿ. ನಗರದ ಕಡೆ ಇಂಥ ಕಾರುಗಳನ್ನು ಜೋಪಾನ ಮಾಡಿಕೊಂಡವರು ಇನ್ನೂ ಇದ್ದಾರೆ. ಅವು ರಿಪೇರಿಗೆ ಬಂದಾಗ ಏಳುವ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು: ಲೀಕ್ ಎಲ್ಲಿದೆ? ಆದರೆ ಹುಡುಕುವ ಮೆಕ್ಯಾನಿಕ್ ಹೆಚ್ಚು ಸಲ ಹೇಳಬೇಕಾಗುವ ಮಾತು ‘ಇಲ್ಲಿದೆ’ ಎಂದಲ್ಲ, ‘ಇಲ್ಲಿಲ್ಲ’ ಎಂದು. ಆ ಬಾಗಿಲಿನಲ್ಲಿಲ್ಲ, ಈ ಕವಲಿನಲ್ಲಿಲ್ಲ, ಡಿಕ್ಕಿಯಲ್ಲೂ ಇಲ್ಲ. ಇವುಗಳಲ್ಲಿ ಯಾವ ‘ಇಲ್ಲ’ ತಿಳಿವಳಿಕೆ, ಯಾವುದು ಬರೀ ಸಾಕಾಗಿ ಕೈಬಿಟ್ಟದ್ದು ಎಂಬುದನ್ನು ಬಿಡಿಸಿ ನೋಡುವುದೇ ಈ ಬರಹದ ಕೆಲಸ. ಏಕೆಂದರೆ ದೇವರ ವಿಚಾರದಲ್ಲಿ ನಾವು ಆಡುವ ಜಗಳದ ಅರ್ಧಪಾಲು ಈ ‘ಇಲ್ಲ’ದ ಮೇಲೆಯೇ ನಿಂತಿದೆ.

ಕಾಣದ್ದನ್ನು ಹೇಗೆ ನಂಬಲಿ ಎನ್ನುವವನೊಬ್ಬ. ನಿನಗೆ ಕಾಣದ ಮಾತ್ರಕ್ಕೆ ಇಲ್ಲವಾಯಿತೇ ಎನ್ನುವವನೊಬ್ಬ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈ ಎರಡು ಮಾತಿಗೂ ಗಟ್ಟಿ ವಿಳಾಸಗಳಿವೆ. ಕತ್ರಿಗುಪ್ಪೆಯಲ್ಲಿ 1956ರಲ್ಲಿ ಪೇಜಾವರದ ವಿಶ್ವೇಶತೀರ್ಥರು ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಅಲ್ಲಿ ಹುಡುಗರು ವರ್ಷಗಟ್ಟಲೆ ನ್ಯಾಯ, ವೇದಾಂತ ಓದುತ್ತಾರೆ. ಅಲ್ಲಿಂದ ಬಹಳ ದೂರವೇನಲ್ಲದ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲಿ ಬಾಳಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ನೇಮಿಸಿದರು. ಈ ಎರಡು ವಿಳಾಸಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ ಎಂದು ಭಾವಿಸುವುದು ವಾಡಿಕೆ. ‘ಸಿಗಲಿಲ್ಲ’ ಎಂಬುದು ‘ಇಲ್ಲ’ ಆಗುವುದು ಯಾವಾಗ ಎಂಬ ಒಂದು ವಿಷಯದಲ್ಲಾದರೂ ಎರಡೂ ಒಂದೇ ನಿಯಮಕ್ಕೆ ಕಟ್ಟುಬಿದ್ದಿವೆ ಎಂದು ನನ್ನ ವಾದ. ಇದ್ದಿದ್ದರೆ ಇಲ್ಲಿ, ಈ ಬಗೆಯಲ್ಲಿ, ಇಷ್ಟರಮಟ್ಟಿಗೆ ಗೊತ್ತಾಗಲೇಬೇಕಿತ್ತು ಎಂದು ಮೊದಲೇ ಹೇಳಬಲ್ಲವನಿಗೆ ಮಾತ್ರ, ಗೊತ್ತಾಗದಿದ್ದಾಗ ‘ಇಲ್ಲ’ ಎನ್ನುವ ಹಕ್ಕು ಹುಟ್ಟುತ್ತದೆ. ಹಾಗೆ ಹೇಳಲಾರದ ನಾಸ್ತಿಕನಿಗೆ ‘ಇಲ್ಲ’ ಎನ್ನುವ ಹಕ್ಕಿಲ್ಲ; ಹಾಗೆ ಹೇಳಲೊಲ್ಲದ ಆಸ್ತಿಕನಿಗೆ ‘ಅನುಭವಕ್ಕೆ ಬಂದಿದೆ’ ಎನ್ನುವ ಹಕ್ಕೂ ಇಲ್ಲ.

ಮೊದಲು ಕೆಲಸದ ಕ್ರಮ ನೋಡೋಣ. ಪಂಪು ನಿಲ್ಲದೆ ಓಡುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದು ಕಲ್ಪಿಸಿಕೊಳ್ಳುವುದು ಸಹಜ. ಹಗಲು ಉಣ್ಣದ ದೇವದತ್ತ ದಪ್ಪಗಾಗುತ್ತಿದ್ದರೆ ರಾತ್ರಿ ಉಣ್ಣುತ್ತಿರಬೇಕು ಎಂದು ಮೀಮಾಂಸಕರು ಅರ್ಥಾಪತ್ತಿಗೆ ಕೊಡುವ ಉದಾಹರಣೆ ಇದೇ ಜಾತಿಯದು. ಆದರೆ ಅರ್ಥಾಪತ್ತಿ ಇಲ್ಲಿ ಒಂದೇ ಉತ್ತರ ಕೊಡುವುದಿಲ್ಲ. ಪಂಪೇ ಸವೆದು ಬಲಗುಂದಿರಬಹುದು, ಸಾಕು ಎಂದು ಹೇಳಬೇಕಾದ ಅದರೊಳಗಿನ ಒತ್ತಡದ ಸ್ವಿಚ್ಚು ಕೆಟ್ಟಿರಬಹುದು, ಕೊಳವೆಯ ಜಾಯಿಂಟ್ ಸಡಿಲವಾಗಿರಬಹುದು, ಬಾಗಿಲೊಳಗಿನ ಪೊರೆ ಹರಿದಿರಬಹುದು. ಅವಸರದವನು ಪಂಪನ್ನೇ ಬದಲಾಯಿಸಿ ಬಿಲ್ ಬರೆಯುತ್ತಾನೆ. ಹೊಸ ಪಂಪೂ ಹಳೆಯದರಂತೆ ಗೊರಗುಟ್ಟುತ್ತದೆ. ಕ್ರಮ ಬಲ್ಲವನು ಮೊದಲು ಪಂಪಿನ ಬಾಯಿಂದ ಕೊಳವೆ ಕಳಚಿ, ಆ ಬಾಯನ್ನು ಬೆರಳಿನಿಂದ ಮುಚ್ಚಿ, ಕೀಲಿ ತಿರುಗಿಸುತ್ತಾನೆ. ಥಟ್ಟನೆ ನಿಂತರೆ ಪಂಪಿನಲ್ಲಿ ದೋಷವಿಲ್ಲ, ಹುಡುಕಬೇಕಾದ್ದು ಮುಂದೆ. ಆಮೇಲೆ ಮುಳ್ಳಿನ ಗೇಜು ಇರುವ ಕೈಪಂಪನ್ನು ಕೊಳವೆಗೆ ಜೋಡಿಸಿ ಗಾಳಿ ಹೀರುತ್ತಾನೆ. ಮುಳ್ಳು ಏರಿ ನಿಲ್ಲದೆ ಇಳಿಯತೊಡಗಿದರೆ ಒಂದೊಂದೇ ಕವಲನ್ನು ಬೇರ್ಪಡಿಸಿ, ತುದಿ ಮುಚ್ಚಿ, ಮತ್ತೆ ಹೀರುತ್ತಾನೆ. ಮುಳ್ಳು ಕದಲದೆ ನಿಂತ ಕವಲಿಗೆ ‘ಇಲ್ಲ’ ಎಂಬ ಮುದ್ರೆ. ಇಳಿದ ಕವಲಿನೊಳಕ್ಕೆ ಹುಡುಕಾಟ. ಬಾಗಿಲಿಗೂ ಕಂಬಕ್ಕೂ ನಡುವೆ ರಬ್ಬರ್ ತೋಳಿನೊಳಗೆ ಹಾದುಹೋಗುವ ಕೊಳವೆ ಪ್ರತಿಸಲ ಬಾಗಿಲು ತೆರೆದಾಗಲೂ ಮಡಚುತ್ತದೆ, ಬಿರಿಯುವುದು ಹೆಚ್ಚಾಗಿ ಅಲ್ಲೇ. ಅಲ್ಲಿಲ್ಲದಿದ್ದರೆ ಡೋರ್ ಪ್ಯಾಡ್ ಬಿಚ್ಚಿ ಡಬ್ಬಿಯ ಪೊರೆ ನೋಡಬೇಕು. ಕೊನೆಗೆ ಉಳಿದದ್ದೊಂದೇ ಜಾಗ ಎಂದಾಗ ಲೀಕನ್ನು ಕಣ್ಣಾರೆ ಕಾಣುವ ಮೊದಲೇ ಅದು ಅಲ್ಲಿದೆಯೆಂದು ಗೊತ್ತಾಗಿರುತ್ತದೆ. ಉಳಿದೆಲ್ಲವನ್ನೂ ತಳ್ಳಿಹಾಕಿ ಮಿಕ್ಕದ್ದನ್ನು ನಿಶ್ಚಯಿಸುವ ಈ ಬಗೆಗೆ ನೈಯಾಯಿಕರು ಪರಿಶೇಷವೆನ್ನುತ್ತಾರೆ. ಅಷ್ಟೂ ಸಾಲುಸಾಲು ‘ಇಲ್ಲ’ಗಳ ಮೇಲೆ ಕಟ್ಟಿದ ‘ಇದೆ’ ಇದು; ಅವುಗಳಲ್ಲೊಂದು ಪೊಳ್ಳಾಗಿದ್ದರೂ ಕಟ್ಟಡ ಬೀಳುತ್ತದೆ.

‘ಇಲ್ಲ’ವನ್ನು ತಿಳಿಯುವುದು ಹೇಗೆ ಎಂಬ ಚರ್ಚೆ ನಮ್ಮ ದರ್ಶನಗಳಲ್ಲಿ ಬಹಳ ಹಳೆಯದು, ಬಹಳ ಖಾರದ್ದೂ ಹೌದು. ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಲ್ಲಿ ಅಭಾವವನ್ನು ತಿಳಿಸಲು ಪ್ರತ್ಯಕ್ಷ, ಅನುಮಾನಗಳಿಂದ ಬೇರೆಯಾದ ಪ್ರಮಾಣವೊಂದು ಬೇಕೆಂದರು. ಅದ್ವೈತಿಗಳು ಅದನ್ನು ಅನುಪಲಬ್ಧಿಯೆಂಬ ಆರನೆಯ ಪ್ರಮಾಣವಾಗಿ ಒಪ್ಪಿದರು. ಪ್ರಭಾಕರರಿಗೆ ಅಭಾವವೆಂಬ ಬೇರೆ ಪದಾರ್ಥವೇ ಬೇಡ. ಗಡಿಗೆಯಿಲ್ಲದ ನೆಲವೆಂದರೆ ಬರಿಯ ನೆಲ, ಅಷ್ಟೆ. ಮಧ್ವ ಪರಂಪರೆಯಲ್ಲಿ ಪ್ರಮಾಣಗಳು ಮೂರೇ: ಪ್ರತ್ಯಕ್ಷ, ಅನುಮಾನ, ಆಗಮ, ಅಭಾವದ ಅರಿವೂ ಇವುಗಳಲ್ಲೇ ಅಡಗುತ್ತದೆ. ಬೌದ್ಧ ಧರ್ಮಕೀರ್ತಿ ಇನ್ನೊಂದು ದಿಕ್ಕಿನಿಂದ ಬಂದು, ಒಂದರ ಕಾಣದಿರುವಿಕೆ ಎಂದರೆ ಇನ್ನೊಂದರ ಕಾಣುವಿಕೆಯೇ ಎಂದ: ಗಡಿಗೆ ಕಾಣಲಿಲ್ಲ ಎಂದರೆ ನೆಲ ಕಂಡಿತು ಎಂದರ್ಥ. ಗೇಜಿನ ಮುಂದೆ ಈ ಜಗಳವನ್ನಿಟ್ಟರೆ ನನಗೆ ಧರ್ಮಕೀರ್ತಿಯೂ ಮಾಧ್ವರೂ ಗೆದ್ದಂತೆ ಕಾಣುತ್ತದೆ. (ಒಬ್ಬರನ್ನೊಬ್ಬರು ಖಂಡಿಸುವುದರಲ್ಲೇ ಬೆಳೆದ ಎರಡು ಪಂಥಗಳು ಇಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತವೆ, ಇಬ್ಬರಿಗೂ ಇದು ಹಿಡಿಸಲಿಕ್ಕಿಲ್ಲ.) ಮೆಕ್ಯಾನಿಕ್ ‘ಏನೂ ಕಾಣಲಿಲ್ಲ’ ಎಂಬುದರಿಂದ ‘ಲೀಕ್ ಇಲ್ಲ’ಕ್ಕೆ ಹಾರುವುದಿಲ್ಲ. ನಿಂತ ಮುಳ್ಳನ್ನು ಅವನು ಕಾಣುತ್ತಾನೆ. ಸೋರಿದ್ದರೆ ಇಳಿಯಬೇಕಿದ್ದ ಮುಳ್ಳು ಇಳಿಯದೆ ನಿಂತದ್ದು ಒಂದು ಗಟ್ಟಿಯಾದ ಕಾಣ್ಕೆ. ಅದರ ಬಲದಿಂದ ಲೀಕ್ ಇಲ್ಲವೆಂಬ ಅನುಮಾನ. ನೋಡಲೆಂದು ಹೋಗಿ ಏನನ್ನೂ ನೋಡದೆ ಬಂದವನ ‘ಇಲ್ಲ’ಕ್ಕೂ, ನಿಂತ ಮುಳ್ಳನ್ನು ಕಂಡವನ ‘ಇಲ್ಲ’ಕ್ಕೂ ಇರುವ ಅಂತರವನ್ನು ಈ ಚರ್ಚೆ ಹಿಡಿದುಕೊಡುತ್ತದೆ.

ಪಕ್ಷಗಳು ಎಷ್ಟೇ ಹೊಡೆದಾಡಿಕೊಂಡರೂ, ಕಾಣದಿರುವಿಕೆಯನ್ನು ಸಾಕ್ಷಿಯಾಗಿ ಒಪ್ಪುವವರೆಲ್ಲ ಎರಡು ಕಟ್ಟುಪಾಡು ಹಾಕುತ್ತಾರೆ. ಒಂದು, ಬರಿಯ ‘ಇಲ್ಲ’ ಎಂಬುದು ಅಪೂರ್ಣ ವಾಕ್ಯ. ಏನು ಇಲ್ಲ, ಎಲ್ಲಿ ಇಲ್ಲ ಎಂಬ ಎರಡು ಖಾಲಿ ಜಾಗ ತುಂಬಲೇಬೇಕು. ಶಾಸ್ತ್ರದಲ್ಲಿ ಮೊದಲನೆಯದು ಪ್ರತಿಯೋಗಿ, ಎರಡನೆಯದು ಅಧಿಕರಣ. ಕಾರಿನಲ್ಲಿ ಲೀಕ್ ಇಲ್ಲ ಎಂಬ ಮಾತು ಒಂದೇ ಏಟಿಗೆ ಸಿದ್ಧವಾಗುವುದೇ ಇಲ್ಲ. ಹಿಂದಿನ ಎಡಬಾಗಿಲಿನ ಕವಲಿನಲ್ಲಿ ಇಲ್ಲ ಎಂಬುದು ಸಿದ್ಧವಾಗುತ್ತದೆ. ಎರಡನೆಯದು ಹೆಚ್ಚು ಮುಖ್ಯ: ಯೋಗ್ಯತೆ. ಇದ್ದಿದ್ದರೆ ಕಾಣುವಂಥದ್ದು, ಕಾಣುವಂಥ ಸಂದರ್ಭದಲ್ಲಿ, ಕಾಣದಿದ್ದರೆ ಮಾತ್ರ ಅಭಾವ ಸಿದ್ಧ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದಾಗದು. ಇದನ್ನು ವೇದಾಂತ ಪರಿಭಾಷೆಯಂಥ ಗ್ರಂಥಗಳು ಯೋಗ್ಯಾನುಪಲಬ್ಧಿಯೆಂದು ಕರೆದು ಬಹಳ ಜತನದಿಂದ ವಿವರಿಸುತ್ತವೆ. ಗ್ಯಾರೇಜಿನಲ್ಲಿ ಇದರ ಅರ್ಥ ಸರಳ. ಗಾಳಿ ಒಳಕ್ಕೆ ಹೀರಿಕೊಳ್ಳುತ್ತಿರುವಾಗ ಕೊಳವೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳಲಿಲ್ಲ ಎಂದರೆ ಅದು ಯಾವ ಸಾಕ್ಷಿಯೂ ಅಲ್ಲ, ಏಕೆಂದರೆ ಲೀಕ್ ಇದ್ದರೂ ಅಲ್ಲಿ ಗುಳ್ಳೆ ಏಳುವುದಿಲ್ಲ. ಅದೇ ಕೊಳವೆಗೆ ಗಾಳಿ ಊದಿ ಒತ್ತಡ ಕೊಟ್ಟಾಗ ಗುಳ್ಳೆ ಏಳದಿದ್ದರೆ ಅದು ಸಾಕ್ಷಿ. ಕಣ್ಣಿಗೆ ಕಂಡದ್ದು ಎರಡು ಸಲವೂ ಒಂದೇ. ಒಂದು ಮೌನಕ್ಕೆ ಬೆಲೆಯಿದೆ, ಇನ್ನೊಂದಕ್ಕಿಲ್ಲ.

ಯೋಗ್ಯತೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಬೆಂಗಳೂರೇ ಒಳ್ಳೆಯ ಉದಾಹರಣೆ. ನಿರ್ವಾತ ಯಾವುದನ್ನೂ ಎಳೆಯುವುದಿಲ್ಲ. ಹೊರಗಿನ ವಾತಾವರಣ ತಳ್ಳುತ್ತದೆ. ಆ ತಳ್ಳುವ ಬಲ ಎಲ್ಲ ಊರಿನಲ್ಲೂ ಒಂದೇ ಅಲ್ಲ. ಮಂಗಳೂರಿನ ಕಡಲ ದಂಡೆಯಲ್ಲಿ ವಾತಾವರಣ ಸುಮಾರು 30 ಅಂಗುಲ ಪಾದರಸವನ್ನು ಹೊತ್ತು ನಿಲ್ಲಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ 27 ಅಂಗುಲ. ಎಂದಮೇಲೆ ಎಷ್ಟೇ ಒಳ್ಳೆಯ ಪಂಪಾದರೂ ಇಲ್ಲಿ ಗೇಜಿನಲ್ಲಿ ತೋರಿಸುವ ನಿರ್ವಾತ ಕಡಲ ದಂಡೆಗಿಂತ ಸುಮಾರು 3 ಅಂಗುಲ ಕಡಿಮೆಯೇ. ಸಮುದ್ರಮಟ್ಟದ ಲೆಕ್ಕದಲ್ಲಿ ಬರೆದ ಅಂಕಿಯನ್ನು ಹಿಡಿದು ಬನಶಂಕರಿಯಲ್ಲಿ ಕೂತವನು ಚೆನ್ನಾಗಿರುವ ಪಂಪನ್ನೂ ಕೆಟ್ಟದ್ದೆಂದು ಎಸೆದಾನು. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪುಯ್ ದ ಡೋಮ್ ಬೆಟ್ಟಕ್ಕೆ, ಬ್ಲೇಸ್ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಹತ್ತಿದ್ದು ಇದನ್ನೇ ತಿಳಿಯಲು. ಸಾವಿರ ಮೀಟರಿನ ಆಸುಪಾಸು ಮೇಲೇರಿದಾಗ ಪಾದರಸ ಮೂರು ಅಂಗುಲದ ಮೇಲೆ ಇಳಿದಿತ್ತು. ಮಂಗಳೂರಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ನನಗೆ ಆ ಪ್ರಯೋಗದಲ್ಲಿ ಹೆಚ್ಚು ಹಿಡಿಸುವುದು ಬೆಟ್ಟದ ತುದಿಯಲ್ಲ, ಬುಡ. ಇನ್ನೊಂದು ಕೊಳವೆಯನ್ನು ಬುಡದ ಮಠದ ತೋಟದಲ್ಲಿ ನಿಲ್ಲಿಸಿ, ಅಲ್ಲಿನ ಸಂನ್ಯಾಸಿಯೊಬ್ಬನಿಗೆ ದಿನವಿಡೀ ನೋಡುತ್ತಿರಲು ಹೇಳಿದ್ದರು. ಇಡೀ ದಿನ ಅದು ಕದಲಲಿಲ್ಲ. ಆ ಸಂನ್ಯಾಸಿ ನೋಡಿದ್ದು ಏನೂ ಆಗದಿರುವುದನ್ನು. ಆದರೆ ಅವನ ನೋಟವಿಲ್ಲದಿದ್ದರೆ ಬೆಟ್ಟದ ಮೇಲಿನ ನೋಟಕ್ಕೆ ಬೆಲೆಯಿರುತ್ತಿರಲಿಲ್ಲ, ಹವೆಯೇ ಅಂದು ಬದಲಾಗಿರಬಹುದಿತ್ತಲ್ಲ. ಇದೇ ಪಾಸ್ಕಲ್ ಮುಂದೆ ದೇವರು ಅಡಗಿಕೊಂಡವನು, ಹಾಗೆಂದು ಒಪ್ಪದ ಮತ ನಿಜವಾದದ್ದಲ್ಲ ಎಂಬರ್ಥದಲ್ಲಿ ಬರೆದ. ಖಾಲಿತನವನ್ನು ಅಳೆದವನೇ ಅಡಗಿದ ದೇವರ ಬಗ್ಗೆಯೂ ಯೋಚಿಸಿದ್ದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ. ಆದರೆ ಒಂದರಲ್ಲಿ ಅವನು ಬುಡದಲ್ಲೊಬ್ಬ ಕಾವಲುಗಾರನನ್ನು ಇಟ್ಟ, ಇನ್ನೊಂದರಲ್ಲಿ ಇಡಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಗೇಜನ್ನು ನಂಬುವುದಾದರೂ ಹೇಗೆ? ಮುಳ್ಳು ಇಳಿದರೆ ಸೋರುತ್ತಿರುವುದು ಕಾರಿನ ಕೊಳವೆಯೋ, ಕೈಪಂಪಿನ ಸ್ವಂತ ಕೊಳವೆಯೋ? ಮುಳ್ಳು ನಿಂತರೆ ಲೀಕ್ ಇಲ್ಲವೋ, ಮುಳ್ಳೇ ಸಿಕ್ಕಿಕೊಂಡಿದೆಯೋ? ಒಂದನ್ನು ಪರೀಕ್ಷಿಸಲು ಇನ್ನೊಂದು, ಅದನ್ನು ಪರೀಕ್ಷಿಸಲು ಮತ್ತೊಂದು ಎಂದು ಹೋದರೆ ಅನವಸ್ಥೆ. ಆಗ ಯಾವ ‘ಇಲ್ಲ’ವೂ ಎಂದೂ ಸಿದ್ಧವಾಗುವುದಿಲ್ಲವಲ್ಲ? ಮೀಮಾಂಸಕರು, ವೇದಾಂತಿಗಳು ಇದಕ್ಕೆ ಸ್ವತಃಪ್ರಾಮಾಣ್ಯದ ಉತ್ತರ ಕೊಟ್ಟರು: ಅರಿವು ತನ್ನಷ್ಟಕ್ಕೆ ಪ್ರಮಾಣ, ಬಾಧಕ ಕಂಡಾಗ ಮಾತ್ರ ಶಂಕಿಸು. ನೈಯಾಯಿಕರು ಪ್ರಾಮಾಣ್ಯವೂ ಹೊರಗಿನಿಂದ ಖಚಿತವಾಗಬೇಕು, ಫಲಿಸಿದ ಪ್ರವೃತ್ತಿಯಿಂದ ಗೊತ್ತಾಗಬೇಕು ಎಂದರು. ಕೆಲಸ ಬಲ್ಲ ಮೆಕ್ಯಾನಿಕ್ ಇಬ್ಬರ ಶಿಷ್ಯನೂ ಹೌದು. ಹುಡುಕಾಟ ಶುರುವಾಗುವ ಮೊದಲು ಕೈಪಂಪಿನ ತುದಿಯನ್ನೇ ಬೆರಳಿನಿಂದ ಮುಚ್ಚಿ ಹೀರಿ, ಮುಳ್ಳು ಏರಿ ನಿಲ್ಲುವುದನ್ನು ನೋಡಿಕೊಳ್ಳುತ್ತಾನೆ. ಬೆರಳು ತೆಗೆದಾಗ ಸೊನ್ನೆಗೆ ಇಳಿಯುವುದನ್ನೂ ನೋಡುತ್ತಾನೆ. ಅಲ್ಲಿಂದ ಮುಂದೆ ಅಡ್ಡಿ ಬರುವ ತನಕ ಅದನ್ನು ನಂಬುತ್ತಾನೆ. ಅನವಸ್ಥೆ ತರ್ಕದಲ್ಲಿ ಉಳಿದಿರಬಹುದು. ಆದರೆ ಶಂಕೆಗೂ ಒಂದು ಕಾರಣ ಬೇಕು, ಕಾರಣವಿಲ್ಲದ ಶಂಕೆಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಇಲ್ಲ. ಗಮನಿಸಬೇಕಾದ್ದು ಎರಡೂ ದಿಕ್ಕಿನ ಪರೀಕ್ಷೆ. ಮುಳ್ಳು ಏರಬಲ್ಲದು, ಇಳಿಯಲೂ ಬಲ್ಲದು ಎಂದು ಮೊದಲೇ ನೋಡಿಕೊಂಡದ್ದರಿಂದಲೇ ಮುಂದೆ ಅದು ನಿಂತದ್ದಕ್ಕೆ ಅರ್ಥ ಬಂತು.

ಈಗ ದೇವರ ಪ್ರಶ್ನೆಗೆ ಬರಬಹುದು. ಹತ್ತು ಹನ್ನೊಂದನೆಯ ಶತಮಾನದ ಮಿಥಿಲೆಯ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ ‘ಈಶ್ವರ ಕಾಣುವುದಿಲ್ಲ, ಆದ್ದರಿಂದ ಇಲ್ಲ’ ಎಂಬ ವಾದವನ್ನು ಎತ್ತಿಕೊಂಡು ಇದೇ ಯೋಗ್ಯತೆಯ ನಿಯಮದಿಂದ ಕೆಡವುತ್ತಾನೆ. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಇಲ್ಲವೆನ್ನಬಹುದು. ಈಶ್ವರ ಕಣ್ಣಿಗೆ ಕಾಣುವಂಥವನೆಂದು ಯಾರೂ ಹೇಳಿಯೇ ಇಲ್ಲ, ಹಾಗಾಗಿ ಕಾಣದಿರುವಿಕೆ ಅವನ ಇಲ್ಲದಿರುವಿಕೆಗೆ ಸಾಕ್ಷಿಯಲ್ಲ. ಚಾರ್ವಾಕನನ್ನು ಅವನು ಕೆಣಕುವ ಬಗೆ ಇನ್ನೂ ಮಜವಾಗಿದೆ: ಕಾಣದ್ದೆಲ್ಲ ಇಲ್ಲವೆಂದಾದರೆ, ಮನೆಯಿಂದ ಹೊರಬಿದ್ದ ಚಾರ್ವಾಕ ಹೆಂಡತಿ ಮಕ್ಕಳು ಕಾಣದಾದರೆಂದು ಎದೆ ಬಡಿದುಕೊಂಡು ಅಳಬೇಕಾದೀತು. ಈ ಉತ್ತರ ಸರಿಯಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ದೂರದರ್ಶಕದಲ್ಲಿ ಕಾಣಲಿಲ್ಲ, ಬಾಹ್ಯಾಕಾಶಕ್ಕೆ ಹೋದವರಿಗೆ ಸಿಗಲಿಲ್ಲ ಎಂದು ದೇವರನ್ನು ತಳ್ಳಿಹಾಕುವವರು ಹೀರುವ ಕೊಳವೆಗೆ ಸೋಪಿನ ನೀರು ಹಚ್ಚಿ ಗುಳ್ಳೆಗೆ ಕಾಯುತ್ತಿದ್ದಾರೆ. ಆದರೆ ಉದಯನನ ಉತ್ತರಕ್ಕೆ ಒಂದು ಬೆಲೆಯಿದೆ, ಅದನ್ನು ಅವನು ತೆತ್ತಿದ್ದಾನೆ ಎಂಬುದನ್ನು ಅವನನ್ನು ಉದ್ಧರಿಸುವವರು ಮರೆಯುತ್ತಾರೆ. ಪ್ರತ್ಯಕ್ಷಕ್ಕೆ ಅಯೋಗ್ಯ ಎಂದ ಮೇಲೆ ಪ್ರತ್ಯಕ್ಷದಿಂದ ಬಂದ ಲಾಭವನ್ನೂ ಬಿಡಬೇಕು. ಅವನು ಬಿಟ್ಟ. ಜಗತ್ತು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು ಎಂಬ ಅನುಮಾನವನ್ನು ಬೇರೆಯಾಗಿ ಕಟ್ಟಿ, ಅದನ್ನು ಎದುರಾಳಿಯ ಹೊಡೆತಕ್ಕೆ ತೆರೆದಿಟ್ಟ. ಆ ಅನುಮಾನ ನಿಲ್ಲುತ್ತದೋ ಇಲ್ಲವೋ ಬೇರೆ ಚರ್ಚೆ. ನಾವು ದಿನನಿತ್ಯ ಕೇಳುವ ಆಸ್ತಿಕ್ಯ ಈ ಬೆಲೆ ತೆರುವುದಿಲ್ಲ. ಹರಕೆ ಹೊತ್ತದ್ದು ಫಲಿಸಿದರೆ ಕಣ್ಣಾರೆ ಕಂಡ ಸಾಕ್ಷಿ. ಫಲಿಸದಿದ್ದರೆ ದೇವರು ಕಣ್ಣಿಗೆ ಅಳತೆಗೆ ಸಿಗುವವನಲ್ಲ. ಏರುವುದನ್ನು ಮಾತ್ರ ತೋರಿಸಿ ಇಳಿಯುವುದನ್ನು ತೋರಿಸದ ಮುಳ್ಳು ಅದು. ಅಂಥ ಮುಳ್ಳು ಏರಿದ್ದಕ್ಕೂ ಅರ್ಥವಿಲ್ಲ.

ಇದಕ್ಕೆ ಆಸ್ತಿಕರ ಕಡೆಯಿಂದ ಗಟ್ಟಿಯಾದ ಮರುವಾದವೊಂದಿದೆ: ನೀವು ಹುಡುಕಿದ ಜಾಗವೇ ತಪ್ಪು. ಪ್ರಾರ್ಥನೆಯ ಫಲವನ್ನು ಆಸ್ಪತ್ರೆಯ ದಾಖಲೆಯಲ್ಲಿ ಹುಡುಕಬೇಡಿ, ಪ್ರಾರ್ಥಿಸಿದವನ ಬಾಳಿನಲ್ಲಿ ಹುಡುಕಿ. ಇದನ್ನು ನುಣುಚಿಕೊಳ್ಳುವ ಮಾತೆಂದು ತಳ್ಳಿಬಿಡುವುದು ಅನ್ಯಾಯ, ಏಕೆಂದರೆ ದೋಷ ಇರುವ ಜಾಗ ಒಂದು, ಅದು ತೋರುವ ಜಾಗ ಇನ್ನೊಂದು ಆಗುವುದು ನಿಜವಾಗಿಯೂ ಉಂಟು. ಡಬ್ಲ್ಯು-124ಕ್ಕೆ ಹಿಂದಿನ ಡಬ್ಲ್ಯು-123 ಡೀಸೆಲ್ ಕಾರುಗಳಲ್ಲಿ ನಿರ್ವಾತವನ್ನು ಹುಟ್ಟಿಸುವುದು ಇಂಜಿನ್ನೇ ಓಡಿಸುವ ಪಂಪು. ಬಾಗಿಲ ಲಾಕುಗಳಿಗೆ ಹೋಗುವ ನಿರ್ವಾತವೂ, ಕೀಲಿ ತಿರುಗಿಸಿದಾಗ ಇಂಧನ ನಿಲ್ಲಿಸಿ ಇಂಜಿನ್ ಆರಿಸುವ ನಿರ್ವಾತವೂ ಒಂದೇ ಮೂಲದ್ದು. ಹಾಗಾಗಿ ಹಿಂದಿನ ಬಾಗಿಲಿನ ಪೊರೆ ಹರಿದರೆ ಇಂಜಿನ್ ಆರುವುದಿಲ್ಲ. ಕೀಲಿ ಕಿತ್ತು ಕೈಯಲ್ಲಿ ಹಿಡಿದರೂ ಗಾಡಿ ಗುಡುಗುಡು ಎನ್ನುತ್ತಲೇ ಇರುತ್ತದೆ. ಬಾನೆಟ್ ತೆರೆದು ಇಡೀ ದಿನ ಹುಡುಕಿದವನಿಗೆ ಏನೂ ಸಿಗದು. ಅವನಿಗೆ ‘ಜಾಗ ತಪ್ಪು, ಬಾಗಿಲಲ್ಲಿ ನೋಡು’ ಎನ್ನುವವನು ಸರಿ. ಆದರೆ ಅವನು ಸರಿಯಾಗುವುದು ಹೇಗೆ? ಬಾಗಿಲಿನಿಂದ ಇಂಜಿನ್ನಿನವರೆಗೆ ಹೋಗುವ ಕೊಳವೆಯನ್ನು ಬೆರಳಿಟ್ಟು ತೋರಿಸಬಲ್ಲ. ಆ ಕೊಳವೆಯನ್ನು ನಡುವೆ ಮುಚ್ಚಿದರೆ ಇಂಜಿನ್ ಆರುತ್ತದೆ ಎಂದು ಮೊದಲೇ ಹೇಳಿ, ಮುಚ್ಚಿ, ಆರಿಸಿ ತೋರಿಸಬಲ್ಲ. ‘ಬೇರೆ ಕಡೆ ನೋಡು’ ಎನ್ನುವ ಮಾತಿಗೆ ಬೇಕಾದ ಜಾಮೀನು ಇದು. ಪ್ರಾರ್ಥನೆ ಬಾಳನ್ನು ಬದಲಿಸುತ್ತದೆ ಎನ್ನುವವರು ಆ ಬಾಳಿನಲ್ಲಿ ಏನು ಬದಲಾಗದಿದ್ದರೆ ತಮ್ಮ ಮಾತು ಸುಳ್ಳೆಂದು ಒಪ್ಪುತ್ತಾರೆ ಎಂದು ಹೇಳಲಿ; ಹೇಳುವವರ ಮಾತನ್ನು ನಾಸ್ತಿಕನೂ ಕೂತು ಕೇಳಬೇಕು. ಹಾಗೆ ಹೇಳದೆ, ನೋಡಿದಲ್ಲೆಲ್ಲ ‘ಇಲ್ಲಲ್ಲ, ಇನ್ನೊಂದು ಕಡೆ’ ಎಂದು ಜಾಗ ಬದಲಿಸುತ್ತ ಹೋದರೆ ಯಾವ ಕೊಳವೆಯನ್ನೂ ತೋರಿಸಿದಂತಾಗಲಿಲ್ಲ.

1976ರ ಸಮಿತಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಮೇಲಿನ ಹೊಗಳಿಕೆ, ಬೈಗುಳ ಎರಡೂ ಗುರಿ ತಪ್ಪಿದಂತೆ ತೋರುತ್ತದೆ. ನರಸಿಂಹಯ್ಯನವರು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ವಸ್ತುಗಳನ್ನು ಸೃಷ್ಟಿಸುವುದನ್ನು ಪರೀಕ್ಷೆಯ ನಿಯಮಗಳಿಗೆ ಒಳಪಟ್ಟು ತೋರಿಸುವಂತೆ ಕೋರಿದರು. ಆ ಕೋರಿಕೆಗೆ ಒಪ್ಪಿಗೆ ಬರಲಿಲ್ಲ; ಪತ್ರಿಕೆಗಳಲ್ಲಿ ದೊಡ್ಡ ವಾದವಿವಾದ ನಡೆಯಿತು. ಸಮಿತಿ ದೇವರಿದ್ದಾನೆಯೇ ಎಂದು ಕೇಳಲಿಲ್ಲ. ಈ ಕೈಯಲ್ಲಿ, ಈ ಹೊತ್ತಿನಲ್ಲಿ, ಬೂದಿಯೋ ಉಂಗುರವೋ ಎಲ್ಲಿಂದಲೂ ತರದೆ ಬಂತೇ ಎಂದು ಕೇಳಿತು. ಪ್ರತಿಯೋಗಿ ಗೊತ್ತು, ಅಧಿಕರಣ ಗೊತ್ತು, ಯೋಗ್ಯತೆಗೆ ಬೇಕಾದ ಷರತ್ತು ಗೊತ್ತು. ನ್ಯಾಯಶಾಸ್ತ್ರದ ಪಂಡಿತನೊಬ್ಬ ಕರಡು ತಿದ್ದಿದ್ದರೂ ಪ್ರಶ್ನೆ ಇಷ್ಟೇ ಅಚ್ಚುಕಟ್ಟಾಗಿರುತ್ತಿತ್ತು. ಪವಿತ್ರವಾದದ್ದನ್ನು ಪರೀಕ್ಷೆಗೆ ಒಡ್ಡುವುದೇ ಅಪಚಾರ, ಪರೀಕ್ಷೆಯ ಕಣ್ಣಿನೆದುರು ಅದು ಪ್ರಕಟವಾಗುವುದಿಲ್ಲ ಎಂದು ಆಕ್ಷೇಪಿಸಿದವರಿದ್ದಾರೆ. ಆಗಲಿ. ಬಿಚ್ಚಿ ನೋಡಿದರೆ ನಿಂತುಬಿಡುವ ದೋಷಗಳು ಕಾರಿನಲ್ಲೂ ಇವೆ. ಆದರೆ ಹಾಗೆನ್ನುವವರು ಸಾವಿರಾರು ಜನರ ನಡುವೆ ಪ್ರಕಟವಾದದ್ದನ್ನೂ ಸಾಕ್ಷಿಯೆಂದು ಎಣಿಸುವಂತಿಲ್ಲ. ನೋಡುವ ಕಣ್ಣು ಅಲ್ಲೂ ಇತ್ತು. ಇನ್ನೊಂದು ಕಡೆಗೆ, ಒಪ್ಪಿಗೆ ಬಾರದ್ದರಿಂದ ಪವಾಡ ಸುಳ್ಳೆಂದು ಸಾಬೀತಾಯಿತು ಎಂದು ಬೀಗಿದ ವಿಚಾರವಾದಿಗಳೂ ನಿಯಮ ಮುರಿದರು. ಪರೀಕ್ಷೆ ನಡೆಯಲೇ ಇಲ್ಲ. ಗೇಜು ಜೋಡಿಸದ ಕವಲಿನ ಬಗ್ಗೆ ಮುಳ್ಳು ಏನನ್ನೂ ಹೇಳುವುದಿಲ್ಲ. ನಿರಾಕರಣೆಯಿಂದ ಸಿದ್ಧವಾದದ್ದು ಪವಾಡದ ಅಭಾವವಲ್ಲ, ಸಾಕ್ಷಿಯ ಅಭಾವ. ಹೊರೆ ಹೇಳಿಕೊಂಡವರ ಮೇಲೇ ಉಳಿಯಿತು ಎಂಬುದಷ್ಟೇ ಅಂದು ನ್ಯಾಯವಾಗಿ ಹೇಳಬಹುದಾಗಿದ್ದ ಮಾತು, ಅದೇನೂ ಸಣ್ಣ ಮಾತಲ್ಲ.

ಧರ್ಮವೆಂದರೆ ಪರೀಕ್ಷೆಗೆ ಒಡ್ಡುವ ಹೇಳಿಕೆಗಳ ಪಟ್ಟಿಯೇ, ಎಂದು ಇನ್ನೂ ಒಬ್ಬರು ಕೇಳಬಹುದು. ಕನಕಪುರ ರಸ್ತೆಯ ಬನಶಂಕರಿ ಗುಡಿಯಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ಹೋಳಿಗೆ ಎಣ್ಣೆ ಹಾಕಿ ದೀಪ ಹಚ್ಚುವ ಹೆಂಗಸರು ಊಹೆಯೊಂದನ್ನು ಮಂಡಿಸುತ್ತಿಲ್ಲ. ಆಯುಧಪೂಜೆಯ ದಿನ ಸ್ಪ್ಯಾನರು, ಜ್ಯಾಕು, ಗೇಜುಗಳಿಗೆ ಕುಂಕುಮ ಹಚ್ಚಿ, ಗಾಡಿಯ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುವ ಗ್ಯಾರೇಜಿನವರು ಮರುದಿನ ಅದೇ ಗೇಜಿನ ತುದಿಗೆ ಬೆರಳಿಟ್ಟು ಪರೀಕ್ಷಿಸುವುದನ್ನು ಬಿಡುವುದಿಲ್ಲ. ಇಲ್ಲಿ ವಿರೋಧವಿದೆ ಎಂದು ನಗುವವರಿಗೆ ಕ್ರಿಯೆ ಯಾವುದು, ಹೇಳಿಕೆ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ಕುಂಕುಮ ಹಚ್ಚುವುದು ಗೌರವ. ಅದಕ್ಕೆ ಪ್ರತಿಯೋಗಿಯೂ ಇಲ್ಲ, ಅಧಿಕರಣವೂ ಇಲ್ಲ, ಹಾಗಾಗಿ ಅದು ಸುಳ್ಳಾಗಲಾರದು, ನಿಜವೂ ಆಗಲಾರದು. ಆಕ್ಷೇಪದ ಈ ಪಾಲನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪದಿರುವುದು ಮುಂದಿನ ಹೆಜ್ಜೆಯನ್ನು: ಇಷ್ಟು ದೀಪ ಹಚ್ಚಿದರೆ ಇಂಥ ದೋಷ ಕಳೆಯುತ್ತದೆ ಎಂದು ಲೆಕ್ಕ ಹೇಳುವವರು, ಕೇಳಿದಾಗ ಮಾತ್ರ ಇದು ಬರೀ ಭಾವದ ವಿಷಯ ಎನ್ನುವುದು. ಲೆಕ್ಕ ಹೇಳಿದೊಡನೆ ಅದು ಹೇಳಿಕೆ. ಅದಕ್ಕೆ ಗೇಜು ಜೋಡಿಸಬಹುದು.

ಕೊನೆಗೆ, ನಿಯಮವನ್ನೇ ಇಕ್ಕಟ್ಟಿಗೆ ಸಿಲುಕಿಸುವ ಒಂದು ಬಗೆಯ ಲೀಕ್ ಇದೆ. ಬಾಗಿಲು ಪೂರ್ತಿ ತೆರೆದಾಗ ಬಿರುಕು ಬಾಯಿ ಬಿಡುತ್ತದೆ, ಅರ್ಧ ಮುಚ್ಚಿದಾಗ ಕೊಳವೆ ಮಡಚಿ ತಾನೇ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಸೋರಿದ್ದು ಮಧ್ಯಾಹ್ನ ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಸೋರುವುದಿಲ್ಲ. ಮುಳ್ಳು ನಿಂತಿದ್ದು ನಿಜ, ಆ ಹೊತ್ತಿಗೆ ಲೀಕ್ ಇಲ್ಲದ್ದೂ ನಿಜ, ಆದರೂ ಕಾರಿನಲ್ಲಿ ಲೀಕ್ ಇದೆ. ಎಲ್ಲಿ ಎಂಬುದರ ಜೊತೆಗೆ ಯಾವಾಗ ಎಂಬುದನ್ನೂ ಸೇರಿಸಿದರೆ ಇದರಲ್ಲಿ ಬಹುಪಾಲು ಬಗೆಹರಿಯುತ್ತದೆ. ಬಾಗಿಲನ್ನು ಆಡಿಸುತ್ತ ಮುಳ್ಳು ನೋಡಿದರೆ ಎಷ್ಟೋ ಸಲ ಕಳ್ಳ ಸಿಗುತ್ತಾನೆ. ಒಂದೇ ಒಂದು ಸಲ ಆಗಿ ಮತ್ತೆಂದೂ ಮರುಕಳಿಸದ್ದಕ್ಕೆ ಮಾತ್ರ ಈ ಉಪಾಯವಿಲ್ಲ. ಯಾರೋ ಒಬ್ಬರಿಗೆ ಬಾಳಿನಲ್ಲಿ ಒಮ್ಮೆ ಆದ ದರ್ಶನ ಆ ಜಾತಿಯದು. ಅದಕ್ಕೆ ‘ಇಲ್ಲ’ ಎನ್ನುವ ಯೋಗ್ಯತೆ ಹೊರಗಿನವರಿಗಿಲ್ಲ. ಅದನ್ನು ಹೊರಗಿನವರು ಒಪ್ಪಬೇಕೆನ್ನುವ ಅಧಿಕಾರ ಕಂಡವರಿಗೂ ಇಲ್ಲ. ನ್ಯಾಯಸೂತ್ರ ತಾನು ಹೇಳುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯವನ್ನು ಎಣಿಸಿದೆ, ವಿಚಾರ ಶುರುವಾಗಲು ಬೇಕಾದ ಸಾಮಗ್ರಿಯಾಗಿ. ಗ್ಯಾರೇಜಿನಲ್ಲೂ ಅದಕ್ಕೊಂದು ಜಾಗವಿದೆ. ಹುಡುಕಿ ಹುಡುಕಿ ಸಿಗದ ಕವಲನ್ನು ಪಂಪಿನ ಹತ್ತಿರವೇ ಬೇರ್ಪಡಿಸಿ, ಅಳತೆಗೆ ಸರಿಯಾದ ಬಿರಡೆಯೊಂದನ್ನು ತುರುಕಿ, ಆ ಒಂದು ಬಾಗಿಲನ್ನು ಕೈಯಿಂದಲೇ ಲಾಕ್ ಮಾಡಿಕೊಳ್ಳಿ ಎಂದು ಮಾಲೀಕರಿಗೆ ಹೇಳಿ ಕಳಿಸುತ್ತಾರೆ. ಉಳಿದ ಬಾಗಿಲುಗಳು ಎರಡು ಮೂರು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತವೆ. ಜಾಬ್ ಕಾರ್ಡಿನಲ್ಲಿ ಆ ಕವಲಿನ ಎದುರು ‘ಲೀಕ್ ಇಲ್ಲ’ ಎಂದು ಬರೆಯುವುದಿಲ್ಲ, ‘ಸಿಗಲಿಲ್ಲ’ ಎಂದು ಬರೆಯುತ್ತಾರೆ.